ಹೂ ಕಿತ್ತು ತರಲು ಹೋದ ಕೈದಿ

ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಶ್ಚಿಂತೆಯಿಂದ ನೋಡಬಹುದಾದ ಚಲನಚಿತ್ರವೊಂದನ್ನು ಸೂಚಿಸಿ ಎಂದು ನಮ್ಮ ಧರ್ಮಕೇಂದ್ರದ ತಾಯಂದಿರು ಆಗಾಗ ಕೇಳುವುದುಂಟು. ಹೊಡೆದಾಟ ಬಡಿದಾಟ ಇರಬಾರದು, ಅಸಭ್ಯವಾದುದು ಇರಬಾರದು. ಹಾಗೆಂದು ಉಪದೇಶದ ಭಾರಕ್ಕೆ ಮಕ್ಕಳು ಆಕಳಿಸುವಂತೆಯೂ ಇರಬಾರದು. ಈ ಮೂರು ಷರತ್ತುಗಳನ್ನೂ ಪೂರೈಸುವ ಚಿತ್ರ ಸುಲಭವಾಗಿ ಸಿಗುವುದಿಲ್ಲ. ಈ ವಾರ ನಾನು ಹೇಳಹೊರಟಿರುವ ಚಿತ್ರಕ್ಕೆ ನೂರು ವರ್ಷ ದಾಟಿದೆ. ಅದರಲ್ಲಿ ಬಣ್ಣವಿಲ್ಲ, ಮಾತೂ ಇಲ್ಲ. ಚಾರ್ಲಿ ಚಾಪ್ಲಿನ್ ಬರೆದು, ನಿರ್ದೇಶಿಸಿ, ನಟಿಸಿ 1923ರಲ್ಲಿ ತೆರೆಗೆ ತಂದ ‘ದಿ ಪಿಲ್‌ಗ್ರಿಮ್’, ಎಂದರೆ ‘ಯಾತ್ರಿಕ’. ಮುಕ್ಕಾಲು ಗಂಟೆಯಷ್ಟೇ ಅವಧಿಯ ಈ ಮೂಕಚಿತ್ರಕ್ಕೆ 1959ರಲ್ಲಿ ಚಾಪ್ಲಿನ್ ತಾವೇ ಸಂಗೀತ ಕೂಡಿಸಿ, ತಮ್ಮ ಬೇರೆರಡು ಹಳೆಯ ಚಿತ್ರಗಳೊಡನೆ ಮತ್ತೆ ಬಿಡುಗಡೆ ಮಾಡಿದರು.

ಕಥೆ ಸರಳವಾದುದು. ಸೆರೆಮನೆಯಿಂದ ತಪ್ಪಿಸಿಕೊಂಡ ಕೈದಿಯೊಬ್ಬ, ಈಜಲು ನದಿಗಿಳಿದಿದ್ದ ಪಾದ್ರಿಯೊಬ್ಬರ ಉಡುಪನ್ನು ಕದ್ದು ತೊಟ್ಟುಕೊಳ್ಳುತ್ತಾನೆ. ಯಾವ ಊರಿಗೆ ಓಡಬೇಕೆಂಬುದು ಅವನಿಗೇ ತಿಳಿಯದು. ರೈಲು ನಿಲ್ದಾಣದಲ್ಲಿ ಕಣ್ಣು ಮುಚ್ಚಿ ಊರುಗಳ ಪಟ್ಟಿಯ ಮೇಲೆ ಸೂಜಿ ಚುಚ್ಚಿದರೆ, ಅದು ನಾಟಿಕೊಳ್ಳುವುದು ಅಮೆರಿಕದ ಹೆಸರುವಾಸಿ ಸೆರೆಮನೆಯಿರುವ ಸಿಂಗ್ ಸಿಂಗ್ ಎಂಬ ಸ್ಥಳದ ಮೇಲೆ! ಕೊನೆಗೆ ಟೆಕ್ಸಾಸ್ ಪ್ರಾಂತ್ಯದ ‘ಡೆವಿಲ್ಸ್ ಗಲ್ಚ್’, ಎಂದರೆ ಸೈತಾನನ ಕಂದರ ಎಂಬ ಹಳ್ಳಿಗೆ ಟಿಕೆಟು ಕೊಳ್ಳುತ್ತಾನೆ. ಟಿಕೆಟು ಕೊಡುವ ಕಿಟಕಿಯ ಸರಳುಗಳನ್ನು ಕಂಡೊಡನೆ ಅವನ ಕೈಗಳು ಅಭ್ಯಾಸಬಲದಿಂದ ಅವನ್ನು ಹಿಡಿದುಕೊಳ್ಳುತ್ತವೆ. ಕೈಯಲ್ಲಿ ಟಿಕೆಟು ಇದ್ದರೂ ರೈಲಿನ ಅಡಿಗೆ ನುಸುಳಲು ಹೋಗುತ್ತಾನೆ. ಮಕ್ಕಳು ನಗತೊಡಗುವುದು ಇಲ್ಲಿಂದಲೇ.

ಆ ಹಳ್ಳಿಯ ಜನರು ಅಂದು ತಮ್ಮ ಹೊಸ ಪಾದ್ರಿಯನ್ನು ಎದುರುಗೊಳ್ಳಲು ನಿಲ್ದಾಣಕ್ಕೆ ಬಂದು ನಿಂತಿರುತ್ತಾರೆ. ಇಳಿದವನ ಉಡುಪನ್ನು ನೋಡುತ್ತಾರೆ, ಮುಗಿಯಿತು. ನಿಜವಾದ ಪಾದ್ರಿ ಬರುವುದು ತಡವಾಗುತ್ತದೆಂಬ ತಂತಿ ಸಭೆಯ ಹಿರಿಯನ ಕೈಸೇರುತ್ತದೆ. ಕನ್ನಡಕ ಇಲ್ಲದ ಆ ಪುಣ್ಯಾತ್ಮ ಅದನ್ನು ಓದಿಕೊಡಿ ಎಂದು ಇವನ ಕೈಗೇ ಕೊಡುತ್ತಾನೆ! ಅಲ್ಲಿಂದ ನೇರವಾಗಿ ಪ್ರಾರ್ಥನಾಮಂದಿರಕ್ಕೆ. ಗಾಯನ ವೃಂದದ ಹನ್ನೆರಡು ಮಂದಿಯನ್ನು ಕಂಡು, ತನ್ನ ಮೊಕದ್ದಮೆ ಕೇಳಲು ಕುಳಿತ ಪಂಚರೆಂದು ಭಾವಿಸಿ ಇವನು ನಡುಗುತ್ತಾನೆ. ಬೈಬಲ್ ಕಂಡರೆ ಪ್ರಮಾಣ ಮಾಡಲು ಕೈ ಇಡುತ್ತಾನೆ. ಕಾಣಿಕೆ ಎತ್ತಿದ ಮೇಲೆ ಎರಡು ಡಬ್ಬಿಗಳನ್ನೂ ತೂಗಿ ನೋಡಿ, ಕಡಿಮೆ ಕೊಟ್ಟ ಪಕ್ಕದವರತ್ತ ಕೆಂಗಣ್ಣು ಬೀರುತ್ತಾನೆ. ಪ್ರಬೋಧನೆಯ ವೇಳೆ ಬಂದಾಗ, ದಾವೀದ ಮತ್ತು ಗೊಲ್ಯಾತರ ಕಥೆಯನ್ನು ಎರಡೂ ಪಾತ್ರಗಳನ್ನು ತಾನೇ ವಹಿಸಿ ಆಡಿ ತೋರಿಸುತ್ತಾನೆ. ಒಬ್ಬ ಪುಟ್ಟ ಹುಡುಗನ ವಿನಾ ಬೇರಾರೂ ಚಪ್ಪಾಳೆ ತಟ್ಟುವುದಿಲ್ಲ. ಇವನು ಮಾತ್ರ ರಂಗದ ನಟನಂತೆ ಮರಳಿ ಮರಳಿ ಬಂದು ತಲೆಬಾಗುತ್ತಾನೆ. ಎಲ್ಲ ಮುಗಿದ ಮೇಲೆ ಕಾಣಿಕೆ ಡಬ್ಬಿಗಳನ್ನು ಕಂಕುಳಲ್ಲಿಟ್ಟುಕೊಂಡು ಹೊರಟೇಬಿಡುತ್ತಾನೆ.

ಈ ದೃಶ್ಯಗಳನ್ನು ಓದಿ ಹುಬ್ಬೇರಿಸುವವರು ಇರಬಹುದು. ದೇವರ ಮನೆಯನ್ನು ಹಾಸ್ಯಕ್ಕೆ ಗುರಿಮಾಡುವುದೇ? ಚಿತ್ರ ಬಂದ ಕಾಲದಲ್ಲಿಯೂ ಈ ಪ್ರಶ್ನೆ ಎದ್ದಿತ್ತು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸೆನ್ಸಾರ್ ಮಂಡಳಿ, ಇದು ಪಾದ್ರಿಗಳ ಘನತೆಗೆ ಕುಂದು ತರುವ ಚಿತ್ರವೆಂದು ಅದನ್ನು ನಿಷೇಧಿಸಿತು. ನನ್ನ ಅಭಿಪ್ರಾಯ ಬೇರೆ. ಚಿತ್ರವು ದೇವರನ್ನಾಗಲಿ, ಧರ್ಮಗ್ರಂಥವನ್ನಾಗಲಿ, ಪ್ರಾರ್ಥನೆಯನ್ನಾಗಲಿ ಎಲ್ಲಿಯೂ ಹೀಯಾಳಿಸುವುದಿಲ್ಲ. ಅದು ಚುಚ್ಚುವುದು ಬೆಂಚುಗಳಲ್ಲಿ ಕುಳಿತವರನ್ನು. ಸಭೆಯ ಹಿರಿಯನ ಹಿಂದಿನ ಜೇಬಿನಲ್ಲಿ ಮದ್ಯದ ಬಾಟಲಿಯಿದೆ. ಅದು ಅಮೆರಿಕದಲ್ಲಿ ಪಾನನಿರೋಧ ಜಾರಿಯಲ್ಲಿದ್ದ ಕಾಲ ಎಂಬುದನ್ನು ನೆನಪಿಡಬೇಕು. ಕಳ್ಳನೊಬ್ಬ ಪಾದ್ರಿಯ ಅಂಗಿ ತೊಟ್ಟಿದ್ದಾನೆ ನಿಜ; ಆದರೆ ಉತ್ತಮರ ಅಂಗಿ ತೊಟ್ಟವರು ಅಲ್ಲಿ ಅವನೊಬ್ಬನೇ ಅಲ್ಲ. ಇದು ನಮಗೂ ತಾಗುವ ಮಾತು, ತಾಗಲೂಬೇಕು. ಸಿನಿಮಾ ಹುಟ್ಟಿ ನೂರು ವರ್ಷ ತುಂಬಿದ ಸಂದರ್ಭದಲ್ಲಿ, 1995ರಲ್ಲಿ, ವ್ಯಾಟಿಕನ್ ಪ್ರಕಟಿಸಿದ 45 ಮಹತ್ವದ ಚಿತ್ರಗಳ ಪಟ್ಟಿಯಲ್ಲಿ ಇದೇ ಚಾಪ್ಲಿನ್ನರ ‘ಮಾಡರ್ನ್ ಟೈಮ್ಸ್’ ಸ್ಥಾನ ಪಡೆದಿತ್ತು. ಅವರ ನಗೆಯನ್ನು ಧರ್ಮಸಭೆ ಅನುಮಾನದಿಂದ ನೋಡಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಕಥೆಗೆ ಮರಳೋಣ. ಈ ನಕಲಿ ಪಾದ್ರಿಗೆ ಊರಿನ ಒಬ್ಬ ತಾಯಿ ಮತ್ತು ಆಕೆಯ ಮಗಳ ಮನೆಯಲ್ಲಿ ವಾಸಕ್ಕೆ ಏರ್ಪಾಡಾಗುತ್ತದೆ. ಅಡುಗೆಮನೆಯಲ್ಲಿ ಮಗಳಿಗೆ ನೆರವಾಗುತ್ತಾನೆ. ಅತಿಥಿಯೊಬ್ಬರ ಟೋಪಿಯ ಮೇಲೆ ಕೆನೆ ಸುರಿದು, ಅದನ್ನು ತಿಂಡಿಯೆಂದೇ ಭಾವಿಸಿ ಎಲ್ಲರೆದುರು ಕತ್ತರಿಸಲು ಹೆಣಗುವ ದೃಶ್ಯವನ್ನು ನೋಡಿ ನಮ್ಮ ಮನೆಯ ಚಿಕ್ಕವನು ನೆಲಕ್ಕೆ ಉರುಳಿ ನಕ್ಕ. ಆದರೆ ಅದೇ ಹೊತ್ತಿಗೆ ಹಳೆಯ ಜೀವನ ಬಾಗಿಲು ತಟ್ಟುತ್ತದೆ. ಸೆರೆಮನೆಯಲ್ಲಿ ಜೊತೆಗಿದ್ದ ಕಳ್ಳನೊಬ್ಬ ಇವನ ಗುರುತು ಹಿಡಿದು ಅದೇ ಮನೆಗೆ ನುಗ್ಗುತ್ತಾನೆ. ಮನೆಯ ಅಡಮಾನದ ಸಾಲ ತೀರಿಸಲು ಆ ತಾಯಿ ಕೂಡಿಟ್ಟ ಹಣ ಅವನ ಕಣ್ಣಿಗೆ ಬೀಳುತ್ತದೆ. ಅವನು ಹಣವಿರುವ ಸೆಳೆಖಾನೆಯನ್ನು ಎಳೆದಷ್ಟೂ ನಮ್ಮ ನಾಯಕ ಅದನ್ನು ಮುಚ್ಚುತ್ತಾನೆ. ಕೊನೆಗೆ ಕಳ್ಳನ ಕೈ ಮೇಲಾಗಿ ಹಣ ಮಾಯವಾದಾಗ, ಇವನು ಅವನ ಬೆನ್ನು ಹತ್ತಿ ಹೋಗಿ, ಜೂಜುಕಟ್ಟೆಯಿಂದ ಆ ಹಣವನ್ನು ಉಪಾಯದಿಂದ ಹಿಂದಕ್ಕೆ ತರುತ್ತಾನೆ. ಅಷ್ಟರಲ್ಲಿ ಊರಿನ ಷರೀಫನಿಗೆ, ಅಂದರೆ ಪೊಲೀಸ್ ಅಧಿಕಾರಿಗೆ, ಇವನ ನಿಜರೂಪ ತಿಳಿದಿರುತ್ತದೆ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಮುಂಜಾನೆ ಕಾಣಿಕೆ ಡಬ್ಬಿಯನ್ನೇ ಹೊತ್ತೊಯ್ಯಲು ಹೊರಟವನು ರಾತ್ರಿಯಾಗುವಷ್ಟರಲ್ಲಿ ಒಬ್ಬ ಬಡ ತಾಯಿಯ ಹಣಕ್ಕೆ ಕಾವಲು ನಿಂತದ್ದು ಹೇಗೆ? ನಡುವೆ ಅವನಿಗೆ ಯಾರೂ ಬುದ್ಧಿ ಹೇಳಲಿಲ್ಲ. ಆ ದಿನದ ಪ್ರಬೋಧನೆ ಮಾಡಿದವನು ಅವನೇ! ಯಾರೂ ಗದರಲಿಲ್ಲ, ಶಿಕ್ಷೆಯ ಭಯ ತೋರಲಿಲ್ಲ. ಆದದ್ದು ಇಷ್ಟೇ: ಒಂದು ಮನೆಯವರು ಅವನಿಗೆ ಬಾಗಿಲು ತೆರೆದರು, ಮೇಜಿನ ಬಳಿ ಜಾಗ ಕೊಟ್ಟರು, ಗೌರವದಿಂದ ಮಾತನಾಡಿಸಿದರು, ತಮ್ಮ ಹಣ ಎಲ್ಲಿದೆಯೆಂಬುದನ್ನು ಅವನಿಂದ ಮರೆಮಾಚಲಿಲ್ಲ. ಬಹುಶಃ ಅವನ ಬದುಕಿನಲ್ಲಿಯೇ ಮೊದಲ ಬಾರಿಗೆ ಯಾರೋ ಅವನನ್ನು ನಂಬಿದ್ದರು. ಆ ನಂಬಿಕೆಗೆ ದ್ರೋಹ ಬಗೆಯುವುದು ಅವನಿಂದ ಆಗಲಿಲ್ಲ. ಬಾಲ್ಯದಲ್ಲಿ ಏಳರ ಪ್ರಾಯಕ್ಕೇ, 1896ರಲ್ಲಿ, ತಾಯಿ ಮತ್ತು ಅಣ್ಣನೊಂದಿಗೆ ಲಂಡನ್ನಿನ ದುಡಿಮೆಮನೆ ಸೇರಬೇಕಾಗಿ ಬಂದ ಚಾಪ್ಲಿನ್ನರಿಗೆ, ಮೇಜಿನ ಬಳಿ ಸಿಗುವ ಒಂದು ಜಾಗದ ಬೆಲೆ ಏನೆಂದು ಚೆನ್ನಾಗಿ ಗೊತ್ತಿತ್ತು.

ಆದರೆ, ‘ಅವರು ತಿಳಿಯದೆ ನಂಬಿದರು; ನಿಜ ತಿಳಿದಿದ್ದರೆ ಒಳಗೆ ಸೇರಿಸುತ್ತಿದ್ದರೇ?’ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಚಾಪ್ಲಿನ್ ಅದಕ್ಕೆ ಉತ್ತರವನ್ನು ಚಿತ್ರದ ಕೊನೆಗೆ ಇರಿಸಿದ್ದಾರೆ. ಷರೀಫನಿಗೆ ಎಲ್ಲವೂ ಗೊತ್ತು. ಇವನು ಕೈದಿಯೆಂದು ಗೊತ್ತು. ಹಣವನ್ನು ಹಿಂದಿರುಗಿಸಲೆಂದೇ ಓಡಿಹೋಗದೆ ಮರಳಿ ಬಂದವನೆಂಬುದೂ ಗೊತ್ತು. ಆತ ಕುದುರೆಯೇರಿ, ಕೈದಿಯನ್ನು ನಡೆಸಿಕೊಂಡು, ಮೆಕ್ಸಿಕೋ ದೇಶದ ಗಡಿಯವರೆಗೆ ಕರೆತರುತ್ತಾನೆ. ಗಡಿಯಾಚೆ ಬೆರಳು ತೋರಿ, ಅಲ್ಲಿರುವ ಹೂಗಳನ್ನು ಕಿತ್ತು ತಾ ಎನ್ನುತ್ತಾನೆ. ಗಡಿ ದಾಟಿದವನನ್ನು ಹಿಡಿಯುವ ಅಧಿಕಾರ ಅವನಿಗಿಲ್ಲ. ಆದರೆ ನಮ್ಮ ಕೈದಿಗೆ ಇದು ಅರ್ಥವಾಗುವುದೇ ಇಲ್ಲ! ಹೇಳಿದ ಮಾತಿಗೆ ತಪ್ಪದ ಆಳಿನಂತೆ ಹೂ ಕಿತ್ತು, ಹೊರಟುಹೋಗುತ್ತಿದ್ದ ಷರೀಫನ ಹಿಂದೆ ಓಡಿಬಂದು, ಗುಚ್ಛವನ್ನು ಕೈಗಿಡುತ್ತಾನೆ. ಬೇರೆ ದಾರಿ ಕಾಣದೆ ಷರೀಫ ಅವನನ್ನು ಕುತ್ತಿಗೆ ಹಿಡಿದು ತಂದು, ಒದ್ದು ಗಡಿಯಾಚೆ ಅಟ್ಟಬೇಕಾಗುತ್ತದೆ.

ಹೊಟ್ಟೆ ಹುಣ್ಣಾಗುವಂತೆ ನಗಿಸುವ ಈ ದೃಶ್ಯವೇ ನನ್ನನ್ನು ಹಲವು ದಿನ ಬಿಡದೆ ಕಾಡಿತು. ಬಹುಕಾಲ ಸರಳುಗಳ ಹಿಂದೆ ಇದ್ದವನಿಗೆ, ಕಣ್ಣೆದುರು ಬಾಗಿಲು ತೆರೆದಿದ್ದರೂ ಅದು ಬಾಗಿಲೆಂದು ಕಾಣುವುದಿಲ್ಲ. ದಯೆಯನ್ನು ಅನುಭವಿಸಿ ಗೊತ್ತಿಲ್ಲದವನಿಗೆ ದಯೆಯ ಗುರುತು ಸಿಗುವುದಿಲ್ಲ. ಆದ್ದರಿಂದ ಒಮ್ಮೆ ತೋರಿದ ಕರುಣೆ ಫಲಿಸಲಿಲ್ಲವೆಂದು ಕೈಚೆಲ್ಲುವವರು, ಆ ಷರೀಫ ಎರಡನೆಯ ಬಾರಿ ಮರಳಿ ಬಂದುದನ್ನು ನೆನೆಯಬೇಕು.

ಚಿತ್ರ ಮುಗಿದಾಗ ನನ್ನ ಹಿರಿಯ ಮಗಳು ಕೇಳಿದಳು: “ಪಪ್ಪಾ, ಪೊಲೀಸಿನವನು ಕಳ್ಳನನ್ನು ಬಿಟ್ಟದ್ದು ತಪ್ಪಲ್ಲವೇ?”

ನಾನು ಕೂಡಲೇ ಉತ್ತರಿಸಲಿಲ್ಲ. ಏಕೆಂದರೆ ಅವಳ ಮಾತು ಕೇಳಿದೊಡನೆ ನನಗೆ ನಮ್ಮದೇ ಧರ್ಮಕೇಂದ್ರದ ಒಬ್ಬ ವ್ಯಕ್ತಿಯ ನೆನಪಾಯಿತು. ಹೆಸರು ಬೇಡ, ಊರೂ ಬೇಡ. ಹಲವು ಕುಟುಂಬಗಳಿಂದ ಚೀಟಿಯ ಹಣ ಸಂಗ್ರಹಿಸಿ, ಅದನ್ನು ಎಲ್ಲೆಲ್ಲಿಯೋ ಕಳೆದು, ಕೊನೆಗೆ ತಲೆಮರೆಸಿಕೊಂಡವನು ಆತ. ಸಿಕ್ಕಿಬಿದ್ದು, ನ್ಯಾಯಾಲಯ ವಿಧಿಸಿದ ಶಿಕ್ಷೆಯನ್ನು ಅನುಭವಿಸಿ ಊರಿಗೆ ಮರಳಿದ. ಒಂದು ಭಾನುವಾರ ಬಲಿಪೂಜೆಗೆ ಬಂದು ಕಟ್ಟಕಡೆಯ ಬೆಂಚಿನಲ್ಲಿ ಕುಳಿತ. ಆ ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಮುಂದಿನ ಬೆಂಚುಗಳಿಗೆ ಹೋದರು. ಶಾಂತಿಯ ಕುರುಹನ್ನು ಹಂಚಿಕೊಳ್ಳುವ ಹೊತ್ತಿನಲ್ಲಿ ಅವನು ಕೈಜೋಡಿಸಿ ಸುತ್ತ ತಿರುಗಿದಾಗ, ಎದುರಿಗೆ ಬೆನ್ನುಗಳಷ್ಟೇ ಇದ್ದವು. ಆ ಬೆನ್ನುಗಳಲ್ಲಿ ಒಂದು ನನ್ನದು. ಅವನಿಂದ ನನಗೆ ಒಂದು ಕಾಸಿನ ನಷ್ಟವೂ ಆಗಿರಲಿಲ್ಲ.

ಅವನಿಂದ ನಿಜಕ್ಕೂ ಹಣ ಕಳೆದುಕೊಂಡಿದ್ದ ಒಬ್ಬ ವೃದ್ಧೆ ಇದ್ದರು. ಮೊಮ್ಮಗಳ ಮದುವೆಗೆಂದು ಕೂಡಿಟ್ಟ ಹಣ ಅದು. ಕೂಲಿ ಕೆಲಸ ಹಿಡಿದ ಮೇಲೆ ಅವನು ಮೊದಲ ತಿಂಗಳ ದುಡಿಮೆಯಲ್ಲಿ ಇನ್ನೂರು ರೂಪಾಯಿ ಉಳಿಸಿ, ಆ ಅಜ್ಜಿಯ ಬಾಗಿಲಿಗೆ ಹೋಗಿ ನಿಂತನಂತೆ. ಸಾವಿರಗಟ್ಟಲೆ ಬಾಕಿಯಿರುವಲ್ಲಿ ಇನ್ನೂರು ಯಾವ ಲೆಕ್ಕ? ಆಕೆ ಆ ಹಣವನ್ನು ಎಣಿಸಿ ತೆಗೆದುಕೊಂಡರು. ‘ಬೇಡ, ಇರಲಿ’ ಎನ್ನಲಿಲ್ಲ. ಬಳಿಕ ಕೇಳಿದರು: “ಊಟ ಆಯಿತೇ ಮಗಾ?” ಅದಾದ ಮೇಲೆ ಪ್ರತಿ ತಿಂಗಳೂ ಅವನು ತಪ್ಪದೆ ಆ ಮನೆಗೆ ಹೋದ. ಆಕೆ ಪ್ರತಿ ಬಾರಿಯೂ ಹಣ ಎಣಿಸಿಕೊಂಡರು, ಪ್ರತಿ ಬಾರಿಯೂ ಊಟದ ಮಾತು ಕೇಳಿದರು.

ಆ ಅಜ್ಜಿ ಶಾಲೆ ಕಂಡವರಲ್ಲ, ಚಾಪ್ಲಿನ್ನರ ಹೆಸರನ್ನೂ ಕೇಳಿರಲಾರರು. ಆದರೆ ಕರುಣೆಯೆಂದರೆ ಏನೆಂಬುದನ್ನು ಅವರಷ್ಟು ಸ್ಪಷ್ಟವಾಗಿ ತಿಳಿದವರನ್ನು ನಾನು ಬೇರೆ ಕಂಡಿಲ್ಲ. ಕ್ಷಮಿಸುವುದೆಂದರೆ ನಡೆದ ಮೋಸವನ್ನು ನಡೆದೇ ಇಲ್ಲವೆಂದು ಬಗೆಯುವುದಲ್ಲ. ಮೋಸ ಹೋದವರ ಕಣ್ಣೀರಿಗೆ ಬೆಲೆಯಿಲ್ಲವೆನ್ನುವುದೂ ಅಲ್ಲ. ‘ಯಾತ್ರಿಕ’ನ ಕಥೆಯಲ್ಲಿಯೂ ಹಣ ತಾಯಿಯ ಮನೆಗೆ ಮರಳಿ ಬಂದ ಮೇಲೆಯೇ ಹೂವಿನ ದೃಶ್ಯ ಬರುತ್ತದೆ. ಸಂತ ಲೂಕರ ಶುಭಸಂದೇಶದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಸುಂಕದವನಾದ ಜಕ್ಕಾಯ, ತಾನು ವಂಚಿಸಿದವರಿಗೆ ನಾಲ್ಕರಷ್ಟು ಹಿಂದಿರುಗಿಸುವೆನೆಂದು ಮಾತು ಕೊಡುತ್ತಾನೆ. ಆದರೆ ಅಲ್ಲಿನ ಅನುಕ್ರಮವನ್ನು ಗಮನಿಸಿರಿ. ಮೊದಲು ಹಣ ಕೊಡು, ಅನಂತರ ನಿನ್ನ ಮನೆಗೆ ಬರುತ್ತೇನೆ ಎಂದು ಯೇಸುಸ್ವಾಮಿ ಹೇಳಲಿಲ್ಲ. ಮರದ ಮೇಲಿದ್ದವನ ಹೆಸರು ಹಿಡಿದು ಕರೆದರು, ಅವನ ಮನೆಯಲ್ಲಿ ಇಳಿದುಕೊಳ್ಳುವೆನೆಂದರು. ಜನ ಗೊಣಗಿದರು. ಮರುಪಾವತಿಯ ಮಾತು ಬಂದದ್ದು ಆಮೇಲೆ, ಅದೂ ಜಕ್ಕಾಯನ ಬಾಯಿಂದಲೇ.

ನಾವು ಮಾಡುವುದು ಇದಕ್ಕೆ ತಿರುಗುಮುರುಗಾಗಿ. ಮೊದಲು ಆತ ಒಳ್ಳೆಯವನಾಗಿ ತೋರಿಸಲಿ, ಆಮೇಲೆ ನೋಡೋಣ ಎನ್ನುತ್ತೇವೆ. ಆದರೆ ಒಳ್ಳೆಯವನಾಗಿ ತೋರಿಸಲು ಅವನಿಗೊಂದು ಕೆಲಸ ಬೇಕು, ಮಾತನಾಡಿಸುವ ನಾಲ್ಕು ಜನ ಬೇಕು, ಕುಳಿತುಕೊಳ್ಳಲು ಒಂದು ಬೆಂಚು ಬೇಕು. ಇವಿಷ್ಟನ್ನೂ ಕೊಡದೆ ಪರಿವರ್ತನೆಯನ್ನು ನಿರೀಕ್ಷಿಸುವುದು ನ್ಯಾಯವೇ? ನ್ಯಾಯಾಲಯ ವಿಧಿಸುವ ಶಿಕ್ಷೆಗೆ ಬಿಡುಗಡೆಯ ದಿನವೊಂದು ಗೊತ್ತಾಗಿರುತ್ತದೆ. ಚರ್ಚಿನ ಅಂಗಳದಲ್ಲಿ ನಾವು ವಿಧಿಸುವ ಶಿಕ್ಷೆಗೆ ಅದೂ ಇಲ್ಲ. ಎಷ್ಟೋ ಬಾರಿ ಅದು ಹೆಂಡತಿ ಮಕ್ಕಳಿಗೂ ಹಬ್ಬುತ್ತದೆ. ಆ ಮನೆಯ ಹುಡುಗಿಗೆ ಸಂಬಂಧ ಕೂಡಿಬರುವುದಿಲ್ಲ, ಹುಡುಗನನ್ನು ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ.

ವಿವೇಕ ಬೇಡವೆಂದು ನಾನು ಹೇಳುತ್ತಿಲ್ಲ. ಹಣದ ವಿಷಯದಲ್ಲಿ ಎಡವಿದವನ ಕೈಗೆ ನಾಳೆಯೇ ಧರ್ಮಕೇಂದ್ರದ ಲೆಕ್ಕದ ಪುಸ್ತಕ ಕೊಡಬೇಕಾಗಿಲ್ಲ. ಹಾಗೆ ಮಾಡುವುದು ಅವನನ್ನೇ ಶೋಧನೆಗೆ ದೂಡಿದಂತೆ. ಆದರೆ ಲೆಕ್ಕದ ಪುಸ್ತಕಕ್ಕೂ ನಮಸ್ಕಾರಕ್ಕೂ ನಡುವೆ ಬಹಳ ಅಂತರವಿದೆ. ನಮ್ಮ ಅಂಗಡಿಯಲ್ಲೋ ತೋಟದಲ್ಲೋ ಒಂದು ಕೆಲಸ, ಹಬ್ಬದ ದಿನ ಮನೆಗೆ ಕಳುಹಿಸುವ ಒಂದು ತಟ್ಟೆ ತಿಂಡಿ, ಶಾಂತಿಯ ಕುರುಹಿಗೆ ಜೋಡಿಸುವ ಎರಡು ಕೈ: ಇವುಗಳಿಗೆ ಯಾವ ಅಪಾಯವೂ ಇಲ್ಲ.

ಧರ್ಮಸಭೆ ಈ ದಾರಿಯನ್ನು ನಮಗೆ ಮತ್ತೆ ಮತ್ತೆ ತೋರಿಸಿದೆ. ಜಗದ್ಗುರು ಫ್ರಾನ್ಸಿಸರು ತಮ್ಮ ಪದವಿಯ ಮೊದಲ ಪವಿತ್ರ ಗುರುವಾರದಂದು, 2013ರ ಮಾರ್ಚ್ 28ರಂದು, ರೋಮಿನ ಕಿರಿಯರ ಬಂದೀಖಾನೆಯೊಂದಕ್ಕೆ ಹೋಗಿ ಅಲ್ಲಿನವರ ಪಾದ ತೊಳೆದರು. ಜೂಬಿಲಿ ವರ್ಷದ ಆರಂಭದಲ್ಲಿ, 2024ರ ಡಿಸೆಂಬರ್ 26ರಂದು, ರೋಮಿನ ರೆಬಿಬ್ಬಿಯಾ ಸೆರೆಮನೆಯಲ್ಲಿ ಪವಿತ್ರ ದ್ವಾರವನ್ನು ತೆರೆದರು. ನಮ್ಮ ದೇಶದಲ್ಲಿಯೂ 1981ರಿಂದ ‘ಪ್ರಿಸನ್ ಮಿನಿಸ್ಟ್ರಿ ಇಂಡಿಯಾ’ ಸೇವಾಸಂಸ್ಥೆಯ ಗುರುಗಳು, ಕನ್ಯಾಸ್ತ್ರೀಯರು, ಶ್ರೀಸಾಮಾನ್ಯರು ಸೆರೆಮನೆಗಳಿಗೆ ಹೋಗಿ ಕೈದಿಗಳೊಡನೆ ಕುಳಿತು ಬರುತ್ತಿದ್ದಾರೆ. ಸೆರೆಮನೆಯವರೆಗೆ ಹೋಗುವ ಧೈರ್ಯ ಎಲ್ಲರಿಗೂ ಇರಲಾರದು. ಆದರೆ ಅಲ್ಲಿಂದ ಹೊರಬಂದವನು ನಮ್ಮ ಕೊನೆಯ ಬೆಂಚಿಗೆ ಬಂದು ಕುಳಿತಾಗ, ನಾವು ನಡೆಯಬೇಕಾದ ದೂರ ಕೆಲವೇ ಹೆಜ್ಜೆ.

ಚಾಪ್ಲಿನ್ ತಮ್ಮ ಚಿತ್ರವನ್ನು ಸುಖಾಂತವಾಗಿ ಮುಗಿಸಲಿಲ್ಲ ಎಂಬುದನ್ನೂ ಹೇಳಬೇಕು. ಗಡಿಯಾಚೆ ಬಿಡುಗಡೆಯ ಉಸಿರೆಳೆಯುವಷ್ಟರಲ್ಲಿ ಪೊದೆಗಳ ಮರೆಯಿಂದ ಡಕಾಯಿತರು ಎದ್ದು ಗುಂಡು ಹಾರಿಸತೊಡಗುತ್ತಾರೆ. ಆ ಕಡೆ ಸಾವಿನ ಭಯ, ಈ ಕಡೆ ಸೆರೆಯ ಭಯ. ಒಂದು ಕಾಲನ್ನು ಒಂದು ದೇಶದಲ್ಲಿಯೂ ಇನ್ನೊಂದು ಕಾಲನ್ನು ಇನ್ನೊಂದರಲ್ಲಿಯೂ ಊರುತ್ತಾ, ಗಡಿಯ ಗೆರೆಯ ಮೇಲೆಯೇ ಆ ಪುಟ್ಟ ಮನುಷ್ಯ ಓಡುತ್ತಾ ಹೋಗುತ್ತಾನೆ. ಷರೀಫ ತನ್ನ ಪಾಲಿನದನ್ನು ಮಾಡಿದ. ಆದರೆ ಗೆರೆಯ ಯಾವ ಬದಿಯಲ್ಲಿಯೂ ಅವನಿಗೆ ಕಾಲೂರಲು ಜಾಗ ಕೊಡುವವರು ಯಾರೂ ಇರಲಿಲ್ಲ. ಮಕ್ಕಳು ಅದನ್ನು ನೋಡಿ ನಗುತ್ತಾರೆ, ನಗಲಿ. ಹಿರಿಯರಾದ ನಾವು, ಆ ಜಾಗ ಕೊಡಬೇಕಾದವರು ಯಾರೆಂದು ಕೇಳಿಕೊಳ್ಳಬೇಕು.

ಮಗಳಿಗೆ ಮರುದಿನ ನಾನು ಹೇಳಿದ್ದು ಇಷ್ಟು: “ಕಾನೂನು ಕಾಯುವವರು ಕಾನೂನಿನಂತೆ ನಡೆಯಬೇಕಮ್ಮ. ಅದು ಕಥೆ, ನಿಜವಾದ ಪೊಲೀಸರು ಹಾಗೆ ಬಿಡುವಂತಿಲ್ಲ. ಆದರೆ ನೀನೂ ನಾನೂ ಪೊಲೀಸರಲ್ಲವಲ್ಲ. ಯಾರನ್ನೂ ಹಿಡಿದಿಡುವ ಕೆಲಸ ನಮಗೆ ಯಾರೂ ಒಪ್ಪಿಸಿಲ್ಲ.” ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಚರ್ಚಿನಲ್ಲಿ ಹಿಂದೆ ಕೂರುವ ಆ ಅಂಕಲ್‌ಗೆ ನಾವು ಯಾಕೆ ನಮಸ್ಕಾರ ಹೇಳುವುದಿಲ್ಲ?” ಎಂದಳು. ಮಕ್ಕಳು ಗಮನಿಸುವುದಿಲ್ಲವೆಂದು ನಾವು ತಿಳಿದಿರುತ್ತೇವೆ.

ಅದರ ಮುಂದಿನ ಭಾನುವಾರ ನಾವು ನಾಲ್ವರೂ ಕೊನೆಯ ಬೆಂಚಿನಲ್ಲಿ ಕುಳಿತೆವು. ದೊಡ್ಡ ಮಾತೇನೂ ನಡೆಯಲಿಲ್ಲ. ಶಾಂತಿಯ ಕುರುಹಿನ ವೇಳೆ ನಾನು ಕೈಜೋಡಿಸಿದಾಗ, ಆತ ತನ್ನ ಹಿಂದೆ ಬೇರೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ. ಹೂ ಹಿಡಿದು ಓಡಿಬಂದ ಆ ಕೈದಿಯ ಮುಖ ನನಗೆ ನೆನಪಾಯಿತು. ನಾನು ಮತ್ತೊಮ್ಮೆ ಕೈಜೋಡಿಸಿದೆ.

ಪ್ರಿಯ ಓದುಗರೇ, ಈ ಚಿತ್ರವನ್ನು ನಿಮ್ಮ ಮನೆಯಲ್ಲಿಯೂ ನೋಡಿರಿ. ಮಕ್ಕಳೊಂದಿಗೆ ಮನಸಾರೆ ನಗಿರಿ. ನಗು ನಿಂತ ಮೇಲೆ, ನಿಮ್ಮ ಧರ್ಮಕೇಂದ್ರದ ಕೊನೆಯ ಬೆಂಚಿನಲ್ಲಿ ಯಾರು ಕುಳಿತಿದ್ದಾರೆಂದು ಒಮ್ಮೆ ತಿರುಗಿ ನೋಡಿರಿ.